ಕಾವಿಗೆ ಕೂತವಳು

ಜನ ಹಗಲೆಲ್ಲ ದುರ್ಬೀನು ಹಿಡಿದು ನೋಡುವ ಬ್ಯಾಟರಿ ಹಕ್ಕಿಗಳನ್ನು ಸಂಜೆ ಜೌಗಿನಿಂದ ಆಯ್ದು ತಂದು ಚಾರ್ಜಿಗಿಡುವುದು ನೀಲವ್ವನ ಕೆಲಸ. ಇವತ್ತು ಒಂದು ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಯನ್ನು ಎತ್ತಲು ಹೋದರೆ ಅದು ಕೈಯನ್ನೇ ಕುಕ್ಕಿತು. ಅದರ ಹೊಟ್ಟೆಯಡಿ ಬೆಚ್ಚನೆಯ ಮೊಟ್ಟೆಗಳಿದ್ದವು.

"ಯವ್ವಾ, ಜೀವಂತ ಹಕ್ಕಿ ಸಿಕ್ಕರ ಮ್ಯೂಸಿಯಮ್ಮಿಗೆ ಕೊಡಬೇಕು. ಹಿಡದು ಬುಟ್ಟಿಗೆ ಹಾಕು, ಫೋನ್ ಮಾಡೀನಿ, ಅವರು ಬರಾಕತ್ತಾರ," ದಂಡೆಯಿಂದ ಮೇಸ್ತ್ರಿ ಈರಪ್ಪ ಕೂಗಿದ.

"ಹಡಿಯಾಕ ಬಂದಾಕಿನ ಯಾರರ ಹೊರಗ ಹಾಕ್ತಾರೇನೋ, ಖೋಡಿ?"

"ಕೆಲಸ ಹೋಗ್ತೈತಿ ನೋಡು!"

"ಹೋಗ್ಲಿ ತಗೋ."

ನೀಲವ್ವ ಬುಟ್ಟಿಯಲ್ಲಿದ್ದ ಬ್ಯಾಟರಿ ಮೆಟ್ಟುಗಾಲುಗಳನ್ನೆಲ್ಲ ತೆಗೆದು, ಕಾಲು ಮಡಚಿ, ಕಾವಿಗೆ ಕೂತವಳ ಸುತ್ತ ಕೂರಿಸಿದಳು. ಜೀವದ್ದು ಯಾವುದೆಂದು ಈರಪ್ಪನಿಗೂ ತಿಳಿಯದಾಯಿತು. ಅಷ್ಟರಲ್ಲಿ ಮ್ಯೂಸಿಯಮ್ಮಿನ ಜೀಪು ಬಂದು ನಿಂತಿತು.

"ಎಲ್ಲಾ ಬ್ಯಾಟರಿವ ಅದಾವ್ರೀ ಸಾಹೇಬ್ರ," ಎನ್ನುತ್ತ ನೀಲವ್ವ ಆ ಹಕ್ಕಿಗಳ ನಡುವೆ ಕೆಸರಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. "ನಂಬಿಕಿ ಇಲ್ಲಂದ್ರ ಇಳದು ಬರ್ರಿ. ನಾ ಏನ್ ಇಲ್ಲಿಂದ ಏಳಾಕಿ ಅಲ್ಲ."