ಮಾರಮ್ಮನ ಗುಡಿಯ ಅರಿಶಿನದ ಗೆರೆ

ಎಂಜಿನಿಯರ್ ಶಿವಶಂಕರ ಮಾರಮ್ಮನ ಗುಡಿಯ ಗೋಡೆಗೆ ಟೇಪು ಹಿಡಿಯುವುದನ್ನು ಸಣ್ಣಬೀರಯ್ಯ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದ. ಕಪಿಲೆ ಹೊಳೆ ಉಕ್ಕಿದ ವರ್ಷ ನೀರು ಮುಟ್ಟಿದ ಎತ್ತರಕ್ಕೆ ಅರಿಶಿನದ ಗೆರೆ ಎಳೆದು ಪೂಜೆ ಮಾಡುವುದು ಆ ಊರಿನ ಪದ್ಧತಿ. ಹೊಳೆದಂಡೆಗೆ ಕಟ್ಟುವ ಏರಿಯ ಲೆಕ್ಕವೆಲ್ಲ ಆ ಗೆರೆಯ ಮೇಲೆಯೇ ನಿಂತಿತ್ತು.

"ಒಂಬತ್ತು ಅಡಿ!" ಶಿವಶಂಕರ ನಿಟ್ಟುಸಿರಿಟ್ಟ. "ಯಜಮಾನ್ರೇ, ಇದು ಕಾಡಂಚು. ದಂಡೆಯಲ್ಲಿ ನೀರುನಾಯಿ ಮರಿ ಹಾಕ್ತವೆ, ಕಾಂಕ್ರೀಟ್ ಹಾಕೋ ಹಾಗಿಲ್ಲ. ಬಿದಿರು ನೆಟ್ಟು ಮಣ್ಣಿನ ಏರಿ ಹಾಕ್ಬಹುದು, ಅದೂ ಐದೇ ಅಡಿ. ಒಂಬತ್ತಡಿ ನೀರಿಗೆ ಅದು ಯಾತಕ್ಕೆ ಬಂತು? ಊರನ್ನೇ ಹ್ಯಾಂಡ್‌ಪೋಸ್ಟ್ ಪೇಟೆ ಕಡೆಗೆ ಸ್ಥಳಾಂತರ ಮಾಡಿಸ್ಬೇಕು ಅಂತ ಬರೀತೀನಿ."

ಎತ್ತರದ ಏರಿಯ ಆಸೆಗೆ ಊರೇ ಹೋಗುವಂತಾಯಿತಲ್ಲ ಎಂದು ಸಣ್ಣಬೀರಯ್ಯ ಗಾಬರಿಯಿಂದ ಒಂದು ಹೆಜ್ಜೆ ಮುಂದೆ ಬಂದ. "ಬರೀಬ್ಯಾಡಿ ಸಾ! ನೀರು ಬಂದದ್ದು ನಾಕೇ ಅಡಿ. ಅವ್ವನ ಗುಡಿ ಕಲ್ಲು ವರ್ಸ ವರ್ಸ ಬೆಳೀತದೆ. ಕಲ್ಲಿನ ಜೊತ್ಗೆ ಗೆರೇನೂ ಮ್ಯಾಕೆ ಓಗ್ಬುಟ್ಟದೆ."

ಕೆಳಗೆ, ಹೊಸ ಸುಣ್ಣದಡಿ, ನಾಲ್ಕಡಿಯ ಹಳೆಯ ಗೆರೆ ಮಸುಕಾಗಿ ಇಣುಕುತ್ತಿತ್ತು. ಶಿವಶಂಕರ ಅದನ್ನೊಮ್ಮೆ ನೋಡಿ, ಗಂಭೀರವಾಗಿ ತಲೆಯಾಡಿಸಿ, ನಾಲ್ಕು ಎಂದೇ ಬರೆದುಕೊಂಡ. ಹೋದ ಜೀವ ಬಂದಂತಾಗಿ ಸಣ್ಣಬೀರಯ್ಯ ಕೈ ಮುಗಿದ. ಹತ್ತು ಬೆರಳೂ ಹಳದಿ.

"ಕಲ್ಲು ಬೆಳೀತು, ಸರಿ," ಎಂದ ಶಿವಶಂಕರ. "ಅಷ್ಟೆತ್ತರಕ್ಕೆ ನೀವು ಹೆಂಗೆ ಬೆಳೆದ್ರಿ?"

"ಎತ್ತಿನ ಗಾಡಿ ಮ್ಯಾಲೆ ನಿಂತ್ಕಂಡು ಸಾ," ಎಂದಳು ಹಿಂದೆ ನಿಂತಿದ್ದ ಸಣ್ಣಬೀರಯ್ಯನ ಹೆಂಡತಿ ತಿಮ್ಮಮ್ಮ. "ಗಾಡಿ ಹಿಡ್ಕಂಡಿದ್ದೋಳು ನಾನೇ."