ದೀಕ್ಷಾಸ್ನಾನದ ದಿನ ಸುಟ್ಟ ಎಳೆ

ಸೀರೆ ಅಂಗಡಿಯಲ್ಲಿ ರೇಷ್ಮೆಯನ್ನು ಪರೀಕ್ಷಿಸಲು ಯಾರಾದರೂ ಎಳೆಯೊಂದನ್ನು ಸುಟ್ಟರೆ, ಇಂದಿಗೂ ದೊಡ್ಡಬಳ್ಳಾಪುರದ ಆ ಮಧ್ಯಾಹ್ನವೇ ನನ್ನ ಮೂಗಿಗೆ ಬಡಿಯುತ್ತದೆ.

ಅಂದು ಆಗಷ್ಟೇ ದೊಡ್ಡಪ್ಪ ನೀರಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದು ಬಂದಿದ್ದರು. ಕರೆಂಟು ಹೋಗಿ ಅವರ ಮಗ್ಗಗಳು ನಿಂತಿದ್ದವು. ಅವುಗಳ ನಡುವೆಯೇ ಚಾಪೆ ಹಾಸಿ, ಮೇಣದಬತ್ತಿ ಹಚ್ಚಿ, ಪಾಸ್ಟರ್ ಪ್ರಾರ್ಥನೆ ಮುಗಿಸಿದರು.

“ನಂಬಿದ್ರಲ್ಲಾ, ರಕ್ಷಣೆ ಸಿಕ್ತು. ಪಾಪ ಎಲ್ಲಾ ತೊಳ್ದೋಯ್ತು.”

ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸುತ್ತಿದ್ದವರು ದೊಡ್ಡಮ್ಮ. ಅವರು ಮಗ್ಗದ ಎಳೆಯೊಂದನ್ನು ಕಿತ್ತು ಬತ್ತಿಗೆ ಹಿಡಿದರು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕಿತ್ತು. ಅದು ಪ್ಲಾಸ್ಟಿಕ್ಕಿನಂತೆ ನಾರುತ್ತ ಕರಗಿ ಗಂಟಾಯಿತು.

“ಪಾಸ್ಟ್ರೇ, ನಾಳೆನೂ ಇದನ್ನ ಅಪ್ಪಟ ರೇಷ್ಮೆ ಅಂತ ನಾನು ಹೇಳ್ಬೇಕಾ?”

“ರಕ್ಷಣೆ ನಮ್ಮ ಕ್ರಿಯೆಯಿಂದಲ್ಲಮ್ಮಾ, ಕೃಪೆಯಿಂದ.”

“ಕೃಪೆ ಬೇಡ ಅಂದ್ನಾ? ಸುಳ್ಳು ಬಿಡಿ ಅಂತ ಇವ್ರಿಗೆ ಹೇಳಿ ಅಂದೆ.”

“ಸುಮ್ನಿರೇ, ಪ್ರಾರ್ಥನೆಲಿ ವ್ಯಾಪಾರದ ಮಾತ್ಯಾಕೆ?” ಎಂದರು ದೊಡ್ಡಪ್ಪ.

ಅಷ್ಟರಲ್ಲಿ ಕರೆಂಟು ಬಂತು. ತಲೆಯ ಒದ್ದೆ ಇನ್ನೂ ಆರದಿದ್ದ ದೊಡ್ಡಪ್ಪ ಎದ್ದು ಸ್ವಿಚ್ ಹಾಕಿದರು; ಅದೇ ಎಳೆ ಮತ್ತೆ ಓಡತೊಡಗಿತು. ಪಾಸ್ಟರ್ ಚಪ್ಪಲಿ ಮೆಟ್ಟುತ್ತಿದ್ದರು. ದೊಡ್ಡಮ್ಮ ಮತ್ತೊಮ್ಮೆ ಕೇಳಿದರು. ಮಗ್ಗದ ಸದ್ದಿನಲ್ಲಿ ಅದು ಕೇಳಿಸಿದ್ದು ಅವರ ತೊಡೆಗೆ ಒರಗಿದ್ದ ನನಗೆ ಮಾತ್ರ:

“ಹಂಗಾದ್ರೆ ತೊಳ್ದಿದ್ದು ಏನನ್ನ?”