ಒದ್ದೆ ಗೋಣಿ

ರಸ್ತೆ ಬದಿಯ ಮರದಡಿ ಮೂರು ಕಲ್ಲು ಹೂಡಿ, ನಡುವೆ ಮರದ ಹೊಟ್ಟು ತುಂಬಿ, ಅದರ ಮೇಲೆ ಒಂದು ಮುಚ್ಚಳ ಥಿನ್ನರ್ ಸುರಿದು ಚಿಕ್ಕ ಮೇಸ್ತ್ರಿ ಕಡ್ಡಿ ಗೀರಿದ. ಬುಸ್ಸೆಂದು ಮೊಣಕಾಲೆತ್ತರ ಬೆಂಕಿ ಎದ್ದಿತು.

“ಥೇಟ್ ಅಪ್ಪನೇ ಕಣೋ!” ಎಂದು ಅವನ ಅಕ್ಕ ಚಪ್ಪಾಳೆ ತಟ್ಟಿದಳು.

ಪೀಠೋಪಕರಣಕ್ಕೆ ಪಾಲಿಶ್ ಹಾಕುವ ಅಂಗಡಿ ಅಪ್ಪನದು. ಅಪ್ಪ ಹೋಗಿ ಹತ್ತು ವರ್ಷವಾದರೂ, ವಯಸ್ಸು ಐವತ್ತೆರಡು ದಾಟಿದರೂ ಇವನು ಊರಿಗೆಲ್ಲ ಇನ್ನೂ ಚಿಕ್ಕ ಮೇಸ್ತ್ರಿಯೇ. ಅಂಗಡಿಯ ಗೋಡೆಗೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತೂಗುಹಾಕಿದ್ದಾನೆ. ಒಳಗೆ ಯಾರಾದರೂ ಕಡ್ಡಿಪೆಟ್ಟಿಗೆ ಮುಟ್ಟಿದರೆ ಮುಲಾಜಿಲ್ಲದೆ ಆಚೆ ಅಟ್ಟುತ್ತಾನೆ. ಆದರೆ ಇವತ್ತು ಆ ಶಿಸ್ತಿಗೆಲ್ಲ ರಜೆ. ಚಿಕ್ಕವರಿದ್ದಾಗ ಭಾನುವಾರ ಅಪ್ಪ ಕರೆತಂದು ಟೀ ಕಾಯಿಸಿ ಕೊಡುತ್ತಿದ್ದ ಜಾಗಕ್ಕೇ ಅಮ್ಮನನ್ನೂ ಅಕ್ಕನನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಬಂದಿದ್ದ. ಅಮ್ಮ ಒಂದು ಸಲವಾದರೂ ತಮ್ಮಿಬ್ಬರ ಜೊತೆ ಕೂತು ನಗಬೇಕು, ಅಷ್ಟೇ ಅವನ ಆಸೆ. ಆ ಕಾಲದಲ್ಲಿ ಅವಳು ಒಂದು ದಿನವೂ ಕೂತವಳಲ್ಲ. ಎಲ್ಲರೂ ಒಲೆಯ ಸುತ್ತ ಕೇಕೆ ಹಾಕುತ್ತಿದ್ದರೆ, ತೋಳಿನ ಮೇಲೆ ಒದ್ದೆ ಗೋಣಿಚೀಲ ಹಾಕಿಕೊಂಡು, ಮುಖ ಗಂಟಿಕ್ಕಿಕೊಂಡು ದೂರ ನಿಂತಿರುತ್ತಿದ್ದಳು; ಬೆಂಕಿ ಪೂರಾ ಆರಿದ ಮೇಲಷ್ಟೇ ಬಂದು ತನ್ನ ಲೋಟ ಎತ್ತಿಕೊಳ್ಳುತ್ತಿದ್ದಳು. ಅದು ಬೆರಳಿಗೆ ಹೊಕ್ಕ ಸಿಬಿರಿನಂತೆ ಇಷ್ಟು ವರ್ಷ ಅವನೊಳಗೆ ಉಳಿದುಬಿಟ್ಟಿತ್ತು.

ಇವತ್ತೂ ಅಷ್ಟೇ. ಎಂಬತ್ತರ ಅಮ್ಮ ವ್ಯಾನಿನಿಂದ ಇಳಿದವಳೇ ಗೋಣಿಚೀಲ ಒಂದನ್ನು ಎಳೆದುಕೊಂಡು, ಕ್ಯಾನಿನ ನೀರಲ್ಲಿ ನೆನೆಸಿ, ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತಿದ್ದಳು.

“ಬಾಮ್ಮ, ಚಾಪೆ ಹಾಸಿದೀನಿ, ಕೂತ್ಕೋ.”

“ನೀವು ಕೂತ್ಕೊಳ್ಳಿ. ನನಗೆ ನಿಂತೇ ಅಭ್ಯಾಸ.”

ಒಲೆಯ ಮೇಲೆ ಟೀ ಪಾತ್ರೆ ಇಡುತ್ತಿದ್ದ ಅಕ್ಕನಿಗೆ ಹಳೆಯದೆಲ್ಲ ನೆನಪಾಗಿ ಮಾತು ನಿಲ್ಲಲೊಲ್ಲದು. “ಗಾಳಿ ತಾಗಬಾರದು ಅಂತ ಅಪ್ಪ ಒಲೇನ ವ್ಯಾನಿನ ಮಗ್ಗುಲಿಗೇ ಹೂಡ್ತಿದ್ರಲ್ಲೋ! ಒಳಗೆ ಆರು ಡಬ್ಬ ಥಿನ್ನರು, ಬಾಯಲ್ಲಿ ಸಿಗರೇಟು!”

“ಈಗಾಗಿದ್ರೆ ಪೊಲೀಸರು ಹಿಡ್ಕೊಂಡು ಹೋಗಿ ಒಳಗೆ ಹಾಕ್ತಿದ್ರು.”

“ಏನಾಯ್ತು ಹೇಳು? ಒಂದು ದಿನ ಯಾರದ್ದಾದ್ರೂ ಕೂದಲು ಕೊಂಕ್ತಾ?”

“ನನ್ನ ಬೆನ್ನಿಗೆ ಗೋಣಿ ಏಟು ಬಿದ್ದಿದ್ದು ಮರೆತುಬಿಟ್ಯಾ?” ಎಂದ ಚಿಕ್ಕ ಮೇಸ್ತ್ರಿ.

ಅದು ಅವನ ಖಾಯಂ ಕತೆ. ನೆಂಟರಿಷ್ಟರು ನಾಲ್ಕು ಜನ ಸೇರಿದರೆ ಸಾಕು, ಕೈ ಬಾಯಿ ತಿರುಗಿಸಿ ಹೇಳಿ ನಗಿಸುತ್ತಿದ್ದ. ಇವತ್ತು ಯಾಕೋ ನಗು ಬರಲಿಲ್ಲ. ಅಮ್ಮನ ಕಡೆ ತಿರುಗಿದ. “ಎಂಟು ವರ್ಷ ನನಗೆ. ನನ್ನ ಪಾಡಿಗೆ ನಗ್ತಾ ನಿಂತಿದ್ದೆ. ಹಿಂದಿನಿಂದ ಬಂದು ರಪರಪ ಬಾರಿಸಿಬಿಟ್ಟೆ. ಯಾಕಮ್ಮ? ನಾವು ನಕ್ರೆ ನಿನಗೆ ಆಗ್ತಿರಲಿಲ್ವಾ?”

ಅಮ್ಮ ಬೆಂಕಿಯಿಂದ ಕಣ್ಣು ಕೀಳಲಿಲ್ಲ. “ನಿನ್ನ ಅಂಗಿ ಹತ್ಕೊಂಡಿತ್ತು ಕಣೋ.”

ಅವನ ಕೈ ತಾನಾಗಿ ಬೆನ್ನಿಗೆ ಹೋಯಿತು.

“ಹಿಂದಿನ ಚುಂಗು. ಅಂಗೈ ಅಗಲ ಸುಟ್ಟಿತ್ತು. ಮನೆಗೆ ಹೋಗಿ ತೇಪೆ ಹಾಕ್ದೆ. ನಿಮ್ಮಪ್ಪ ಕೇಳಿದ್ದಕ್ಕೆ, ಮೊಳೆಗೆ ಸಿಕ್ಕಿ ಹರೀತು ಅಂದೆ.”

“ಅಪ್ಪನಿಗೆ ಯಾಕೆ ಹೇಳಲಿಲ್ಲ?” ಎಂದಳು ಅಕ್ಕ.

“ಹೇಳಿದ್ರೆ ಆವತ್ತೇ ಒಲೆ ಒದ್ದು ವ್ಯಾನ್ ತಿರುಗಿಸಿಬಿಡ್ತಿದ್ರು. ನೀವಂದ್ರೆ ಪ್ರಾಣ ಅವರಿಗೆ. ಆಮೇಲೆ ಈ ಕಡೆ ತಲೆ ಹಾಕ್ತಿದ್ರಾ? ನೀವಿಬ್ರೂ ಭಾನುವಾರ ಯಾವಾಗ ಬರುತ್ತೆ ಅಂತ ವಾರವೆಲ್ಲ ಬೆರಳು ಮಡಚ್ತಿದ್ರಿ.”

“ನನಗಾದ್ರೂ ಹೇಳಬಹುದಿತ್ತಲ್ಲಮ್ಮ, ಇಷ್ಟು ವರ್ಷದಲ್ಲಿ!”

“ಇಷ್ಟು ವರ್ಷ ನೀನು ಹೇಳ್ತಾನೇ ಇದ್ದೆ. ಕೇಳಿದ್ದು ಇವತ್ತೇ.”

ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ಎಷ್ಟು ಜನರ ಮುಂದೆ ಆ ಏಟಿನ ಕತೆ ಹೇಳಿರಬಹುದು, ಪ್ರತಿ ಸಲವೂ ಅಮ್ಮ ಅಲ್ಲೇ ಇದ್ದು ಎಲ್ಲರಿಗೂ ಲೋಟ ಹಂಚುತ್ತಿದ್ದಳಲ್ಲ ಎಂದು ನೆನೆದು ಚಿಕ್ಕ ಮೇಸ್ತ್ರಿಗೆ ನಾಚಿಕೆಯಾಯಿತು. ಎದ್ದು ಹೋಗಿ ಅವಳ ತೋಳಿನ ಮೇಲಿದ್ದ ಗೋಣಿಗೆ ಕೈ ಹಾಕಿದ. ಅವಳು ಬಿಡಲಿಲ್ಲ.

“ಗಾಳಿ ಇದೆ ಕಣೋ.”

“ನಾನಿದೀನಿ. ಹೋಗು.”

ಬಿಡಿಸಿಕೊಳ್ಳಲು ಒಂದಿಷ್ಟು ಹೊತ್ತೇ ಹಿಡಿಯಿತು. ಅಕ್ಕ ಕೈಹಿಡಿದು ಕರೆದುಕೊಂಡು ಹೋಗಿ ಅಮ್ಮನನ್ನು ಚಾಪೆಯ ಮೇಲೆ ಕೂರಿಸಿದಳು.

ಅಮ್ಮ ನಿಂತಿದ್ದ ಜಾಗದಲ್ಲಿ ಈಗ ಅವನು ನಿಂತ. ಅಲ್ಲಿಂದ ಬೆಂಕಿ ಚೆನ್ನಾಗಿ ಕಾಣುತ್ತಿತ್ತು. ಕೂತವರದು ಮಾತ್ರ ಬೆನ್ನಷ್ಟೇ. ಗಾಳಿ ಒಮ್ಮೆ ಬೀಸಿ ಒಂದು ಕಿಡಿ ಹಾರಿ ಒಣಹುಲ್ಲಿಗೆ ಬಿತ್ತು. ಅವನು ಗೋಣಿಯನ್ನು ಅದರ ಮೇಲೆ ಒತ್ತಿ ಹಿಡಿದ. ಕೂತವರಿಬ್ಬರಿಗೂ ಅದು ಗೊತ್ತಾಗಲಿಲ್ಲ. ಅಕ್ಕ ಏನೋ ಹೇಳಿ ನಗುತ್ತಾ ಟೀ ಬಗ್ಗಿಸುತ್ತಿದ್ದಳು.

ಅಮ್ಮ ಲೋಟವನ್ನು ಬಾಯಿಗಿಟ್ಟವಳು ತಟ್ಟನೆ ತೆಗೆದಳು. ನಾಲಿಗೆ ಸುಟ್ಟಿತ್ತು. ಲೋಟವನ್ನೊಮ್ಮೆ, ಮಗಳ ಮುಖವನ್ನೊಮ್ಮೆ ನೋಡಿ ಕೇಳಿದಳು:

“ನಿಮ್ಮಪ್ಪ ಮಾಡ್ತಿದ್ದ ಟೀ ಇಷ್ಟು ಬಿಸಿ ಇರ್ತಿತ್ತೇನೇ?”